ಅಜ್ಜಿಯ ಮಂಚದ ಎರಡು ನೂಲು

ಹುಣಸೆಹಣ್ಣು ಹಚ್ಚಿ ಹಿತ್ತಾಳೆ ಉಜ್ಜುವ ವಾಸನೆ ಬಂದರೆ ಇವತ್ತಿಗೂ ನನ್ನ ಕಣ್ಣು ಮಂಚದ ಕಾಲುಗಳನ್ನು ಹುಡುಕುತ್ತದೆ.

ನಮ್ಮ ತಾತ ಮಹಾರಾಜರ ಕಾಲದಲ್ಲಿ ನಾಲೆಗಳನ್ನು ಕಟ್ಟಿಸಿದ ಇಂಜಿನಿಯರು. ನಿವೃತ್ತರಾದ ಮೇಲೆ ಅವರ ಅಧಿಕಾರವೆಲ್ಲ ಲಷ್ಕರ್ ಮೊಹಲ್ಲಾದ ನಮ್ಮ ಮನೆಯೊಳಗೆ ನಡೆಯುತ್ತಿತ್ತು. ಹುಣಸೆಹಣ್ಣು ಹಚ್ಚಿ ದಿನಾ ತಿಕ್ಕುತ್ತಿದ್ದ, ಮಟ್ಟ ನೋಡುವ ಹಿತ್ತಾಳೆಯ ರಸಮಟ್ಟ ಇಟ್ಟು, ಅದರ ಗಾಜಿನೊಳಗಿನ ಗುಳ್ಳೆ ನಡುವೆ ನಿಲ್ಲುವವರೆಗೆ ದೋಸೆ ಕಾವಲಿಗೂ ಹಿಟ್ಟಿನ ಮಂಜೂರಾತಿ ಇರಲಿಲ್ಲ.

ಕಾಯಿಲೆಯಿಂದ ಮಲಗಿದ್ದ ಅಜ್ಜಿ ದಿನವೂ, "ಮಂಚ ವಾಲ್ತಿದೆ ಕಣ್ರೀ, ಜಾರ್ಕೊಂಡು ಹೋಗ್ತೀನಿ ಅನ್ಸುತ್ತೆ" ಎನ್ನುತ್ತಿದ್ದರು. ತಾತ ರಸಮಟ್ಟವನ್ನು ನೆಲದ ಮೇಲಿಟ್ಟು ನೋಡಿ, "ನೆಲ ಮಟ್ಟವಾಗಿದೆ. ವಾಲೋಕೆ ಮಂಚಕ್ಕೆ ಹಕ್ಕಿಲ್ಲ ಕಣೇ" ಎಂದು ತೀರ್ಪು ಕೊಡುತ್ತಿದ್ದರು.

ಅಜ್ಜಿ ತೀರಿಕೊಂಡು, ಹನ್ನೊಂದನೆಯ ದಿನದ ತಿಥಿಯೂ ಮುಗಿದ ಮಧ್ಯಾಹ್ನ, ತಾತ ಮೊದಲ ಸಲ ರಸಮಟ್ಟವನ್ನು ಖಾಲಿ ಮಂಚದ ಮೇಲಿಟ್ಟರು. ಬಹಳ ಹೊತ್ತು ಬಗ್ಗಿ ನೋಡಿ ನನ್ನನ್ನು ಕರೆದರು.

"ಕಣ್ಣು ಮಂಜಾಗ್ಬುಟ್ಟಿದೆ ಕಣಮ್ಮ. ಗುಳ್ಳೆ ಎಲ್ಲಿದೆ, ನೋಡು."

ಗುಳ್ಳೆ ಗೋಡೆಯ ಕಡೆಗೆ ಎರಡು ನೂಲು, ಅಂದರೆ ಕಾಲು ಇಂಚು, ಸರಿದಿತ್ತು; ಮಂಚ ಈಚೆ ಬದಿಗೆ ವಾಲಿತ್ತು.

"ನಡುವೇ ಇದೆ ತಾತ" ಎಂದೆ.

"ಜಾಣೆ" ಎಂದು ತಲೆ ಸವರಿದರು. ಆಮೇಲೆ ಒಂದು ರಟ್ಟನ್ನು ಮಡಿಚಿ, ಯಾವ ಬದಿ ಎಂದು ನನ್ನನ್ನು ಕೇಳದೆಯೇ, ಇಳಿದಿದ್ದ ಬದಿಯ ಕಾಲುಗಳ ಕೆಳಗೇ ತುರುಕಿದರು.