ನಲವತ್ತನೆಯ ಸ್ಲೈಡು

ನವೆಂಬರ್ ಹನ್ನೊಂದು, ಮಂಗಳವಾರ, ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ಪ್ರಯೋಗಾಲಯದ ಮುಖ್ಯಸ್ಥೆ ಮೇಡಂ ಲಕೋಟೆ ಒಡೆದರು. ಯಾವ ಸ್ಲೈಡು ಔಷಧಿ ತಿಂದ ಇಲಿಯದು, ಯಾವುದು ತಿನ್ನದ ಇಲಿಯದು ಎಂಬ ಪಟ್ಟಿ ಅದರೊಳಗಿತ್ತು. ಅದನ್ನು ಬರೆದು ಅಂಟಿಸಿಟ್ಟವರು ಸ್ಲೈಡು ತಯಾರಿಸುವ ತಂತ್ರಜ್ಞ. ಇಪ್ಪತ್ತೆರಡು ವರ್ಷ ಗಾಜಿನ ಜೊತೆಯೇ ಬಾಳಿದ್ದರಿಂದ ಎಲ್ಲರ ಬಾಯಲ್ಲೂ ಗಾಜಣ್ಣ. ಬರೀ ನಂಬರು ನೋಡಿ, ಯಾವುದು ಯಾವುದೆಂದು ತಿಳಿಯದೆ ಎಣಿಸಬೇಕಾಗಿದ್ದವಳು ಕಿರಿಯ ಸಂಶೋಧಕಿ. ಮೂರು ತಿಂಗಳು ಕತ್ತಲೆ ಕೋಣೆಯಲ್ಲಿ ಕೂತು ಎಣಿಸಿದ್ದಳು.

ಮಿದುಳಿನ ಕೋಶದ ಕೊಂಬೆಗಳ ಮೇಲೆ ಅತಿ ಸಣ್ಣ ಮುಳ್ಳುಗಳಿರುತ್ತವೆ. ಒಂದು ಕೋಶ ಇನ್ನೊಂದರ ಸುದ್ದಿ ಕೇಳುವುದು ಅಲ್ಲಿಯೇ. ಮಿರುಗುವ ಬಣ್ಣ ಹಾಕಿ, ಲೇಸರ್ ಸೂಕ್ಷ್ಮದರ್ಶಕದಲ್ಲಿ ಪದರ ಪದರವಾಗಿ ಚಿತ್ರ ತೆಗೆದು, ಪ್ರತಿ ಮುಳ್ಳಿನ ತಲೆಗೂ ಅಡ್ಡಗೆರೆ ಎಳೆದು ಅಳೆಯಬೇಕು. ಅಗಲ 0.6 ಮೈಕ್ರೋಮೀಟರ್ ದಾಟಿದರೆ ಅದು ಅಣಬೆ, ಬಹಳ ಕಾಲ ಉಳಿಯುವ ಗಟ್ಟಿ ಮುಳ್ಳು. ದಾಟದಿದ್ದರೆ ತೆಳುವೋ ಮೊಂಡೋ. ಔಷಧಿಗೆ ಗುಣವಿದ್ದರೆ ಅಣಬೆಗಳು ಹೆಚ್ಚಬೇಕು. ಹೆಚ್ಚಿದ್ದವು. ಮೇಡಂ ಮುಖ ಅರಳಿತು. ಆಮೇಲೆ ಅವರ ಬೆರಳು ಪಟ್ಟಿಯ ಕೊನೆಯ ಸಾಲಿನಲ್ಲಿ ನಿಂತಿತು.

"ಗಾಜಣ್ಣ, ಹನ್ನೆರಡೂ ನಲವತ್ತೂ ಒಂದೇ ಸ್ಲೈಡಾ?"

"ಹೌದು ಮೇಡಂ. ಅಂಚು ಬಿಟ್ಕೊಂಡಿತ್ತು, ತಿರುಗಿ ಮುಚ್ಚಿ ಕೊಟ್ಟೆ. ತಿರುಗಿ ಮುಚ್ಚಿದ್ದಕ್ಕೆ ಹೊಸ ನಂಬರು ಅಂತ ನೀವೇ ಮಾಡಿದ ಪದ್ಧತಿ ಅಲ್ವಾ."

ಅದು ಔಷಧಿ ತಿನ್ನದ ಇಲಿಯದು. ಬಣ್ಣ ಪೂರ್ತಿ ಹಿಡಿದ ಕೋಶ ಅದರಲ್ಲಿದ್ದದ್ದು ಒಂದೇ. ಹಾಗಾಗಿ ಅವಳು ಗುರುತು ಹತ್ತದೆ ಎರಡು ಸಲ ಅಳೆದದ್ದು ಅದೇ ಕೊಂಬೆಯ ಅದೇ ಐವತ್ತು ಮುಳ್ಳು.

"ಹನ್ನೆರಡರಲ್ಲಿ ಹನ್ನೊಂದು ಅಣಬೆ, ನಲವತ್ತರಲ್ಲಿ ಹತ್ತೊಂಬತ್ತು," ಮೇಡಂ ಓದಿದರು. "ಇಲಿ ಸತ್ತು ಎಷ್ಟೋ ದಿನ ಆಯ್ತು. ಗಾಜಿನಡಿ ಕೂತ್ಕೊಂಡೇ ದಪ್ಪ ಆದ್ವಾ ಇವು?"

ಕಿರಿಯ ಸಂಶೋಧಕಿಗೆ ಕಾರಣ ಹೊಳೆಯಿತು. ಸ್ಲೈಡಿನ ಅಂಚು ಮುಚ್ಚಲು ಗಾಜಣ್ಣ ಬಳಸುತ್ತಿದ್ದುದು ನೇಲ್ ಪಾಲಿಶ್. ಮೊದಲ ವಾರ ಬಣ್ಣವಿಲ್ಲದ ಶೀಶೆ. ಅದು ಬರಿದಾದ ಮೇಲೆ ಮಗಳಿಂದ ಇಸಿದುಕೊಂಡು ಬಂದ ಕೆಂಪು ಶೀಶೆ. ಮೊದಲ ವಾರದವು ಔಷಧಿ ತಿನ್ನದವು ಎಂದು ಇಲಿ ಸಾಕುವವರ ಬಾಯಲ್ಲಿ ಅವಳು ಕೇಳಿದ್ದಳು. ಸ್ಲೈಡು ಇಡುವಾಗ ಕೆಂಪು ಅಂಚು ಕಂಡರೆ ಸಾಕು, ಔಷಧಿ ತಿಂದ ಇಲಿಯದೆಂಬ ಗುಟ್ಟು ಬಯಲು. ಹೇಳಿದ್ದರೆ ಎಲ್ಲವನ್ನೂ ಮರಳಿ ಮುಚ್ಚಬೇಕಿತ್ತು, ಒಂದು ತಿಂಗಳು ಹೋಗುತ್ತಿತ್ತು. ಹೇಳಲಿಲ್ಲ. ಸುಳ್ಳು ಬರೆಯಬೇಕೆಂದು ಅವಳೇನೂ ಕೂತವಳಲ್ಲ. ಮುಳ್ಳಿನ ತಲೆಯ ಸುತ್ತ ಬೆಳಕಿನ ಮಸುಕಿರುತ್ತದೆ. ಗೆರೆಯನ್ನು ಅದರ ಒಳಗೂ ನಿಲ್ಲಿಸಬಹುದು, ಹೊರಗೂ ನಿಲ್ಲಿಸಬಹುದು. ಕೆಂಪು ಅಂಚಿನವಕ್ಕೆ ಕೈ ತಾನಾಗಿ ಕೂದಲೆಳೆಯಷ್ಟು ಆಚೆ ಹೋಗುತ್ತಿತ್ತು. ತಿರುಗಿ ಮುಚ್ಚಿದ ನಲವತ್ತರ ಅಂಚು ಕೆಂಪಾಗಿತ್ತು.

"ತಪ್ಪು ನಂದೇ ಇರಬೇಕು ಮೇಡಂ," ಎಂದರು ಗಾಜಣ್ಣ. "ಒಳಗೆ ಗಾಳಿ ಹೋಗಿ ಬಣ್ಣ ಹರಡಿರುತ್ತೆ. ಹರಡಿದ್ರೆ ತಲೆ ದಪ್ಪ ಕಾಣುತ್ತೆ."

ಹಾಗಾದರೆ ಅವರು ಮುಚ್ಚಿದ ಯಾವ ಸ್ಲೈಡನ್ನೂ ನಂಬುವ ಹಾಗಿಲ್ಲ ಎಂದರು ಮೇಡಂ. ಗದರಲಿಲ್ಲ. ವಯಸ್ಸಾಯಿತು, ಕಣ್ಣು ಮೊದಲಿನಂತಿರುವುದಿಲ್ಲ, ಇನ್ನು ಮುಂದೆ ಸಾಮಾನಿನ ಕೋಣೆ ನೋಡಿಕೊಂಡರೆ ಸಾಕು, ಸ್ಲೈಡಿನ ಕೆಲಸಕ್ಕೆ ಬೇರೆಯವರನ್ನು ಹುಡುಕುತ್ತೇನೆ ಎಂದರು. ಗಾಜಣ್ಣ ತಲೆಯಾಡಿಸಿದರು.

ಅವರು ನಲ್ಲಿಯ ಬಳಿ ಹೋಗಿ ಚಿಮಟಗಳನ್ನು ಒಂದೊಂದಾಗಿ ತೊಳೆದು, ಒರೆಸಿ, ಉದ್ದದ ಪ್ರಕಾರ ಸಾಲಾಗಿ ಇಟ್ಟರು. ಬರುವವರು ಹುಡುಕಾಡಬಾರದಲ್ಲ. ಹಿಂದೆ ಬಂದು ನಿಂತವಳನ್ನು ಕಂಡು ದನಿ ತಗ್ಗಿಸಿದರು. "ನನ್ನ ದೆಸೆಯಿಂದ ನಿನ್ನ ಮೂರು ತಿಂಗಳು ನೀರಲ್ಲಿ ಹೋಯ್ತಲ್ಲ ತಂಗಿ. ಬಯ್ಯೋದಿದ್ರೆ ಬಯ್ದುಬಿಡು."

ಅವರೇ ಬಯ್ದಿದ್ದರೆ ತಡೆದುಕೊಳ್ಳುತ್ತಿದ್ದಳೇನೋ. ಅವರನ್ನೂ ಮೇಡಂರನ್ನೂ ಕಂಪ್ಯೂಟರಿನ ಮುಂದೆ ಕರೆದುಕೊಂಡು ಹೋಗಿ, ಎರಡು ಚಿತ್ರಗಳನ್ನೂ ಅಕ್ಕಪಕ್ಕ ತೆರೆದು, ಒಂದನ್ನು ತಿರುಗಿಸಿ ಇನ್ನೊಂದಕ್ಕೆ ಹೊಂದಿಸಿದಳು. ಎರಡೂ ಅಷ್ಟೇ ಚೊಕ್ಕ. ಬಣ್ಣ ಎಲ್ಲೂ ಹರಡಿರಲಿಲ್ಲ. ಅವಳ ಪುಸ್ತಕದಲ್ಲಿ ಏಳನೆಯ ಮುಳ್ಳಿಗೆ ಹನ್ನೆರಡರಡಿ 0.53, ನಲವತ್ತರಡಿ 0.66 ಎಂದಿತ್ತು.

"ಅಣ್ಣಂದು ತಪ್ಪಿಲ್ಲ ಮೇಡಂ. ಅಂಚಿನ ಬಣ್ಣದಿಂದ ಯಾವುದು ಯಾವುದು ಅಂತ ನಂಗೆ ಮೊದಲಿಂದ್ಲೂ ಗೊತ್ತಾಗ್ತಿತ್ತು." ಮುಖ ಎತ್ತಲಾಗಲಿಲ್ಲ. ಒಂದಿಷ್ಟಾದರೂ ಉಳಿಸಿಕೊಳ್ಳಬೇಕೆಂದು ಸೇರಿಸಿದಳು: "ಕೆಂಪಿನವಕ್ಕೆ ಮಾತ್ರ ಗೆರೆ ಆಚೆ ಹೋಗಿದೆ. ಹನ್ನೆರಡರ ಲೆಕ್ಕ ಸರಿಯಾಗೇ ಇದೆ. ಅಲ್ಲಿ ನಾನು ಏನೂ ಮಾಡಿಲ್ಲ."

ಮೇಡಂ ಪುಸ್ತಕ ಮುಚ್ಚಿ, ಹನ್ನೆರಡರ ಚಿತ್ರದ ಮೇಲಿದ್ದ ಅವಳ ಗೆರೆಗಳನ್ನೆಲ್ಲ ಅಳಿಸಿ, ಮೌಸನ್ನು ಗಾಜಣ್ಣನ ಕಡೆ ಸರಿಸಿದರು. "ಏಳನೇದು ನೀವೇ ಅಳೀರಿ. ಈ ಕಡೆ ಬೆಳಕು ಅರ್ಧಕ್ಕೆ ಇಳಿಯೋ ಜಾಗದಿಂದ ಆ ಕಡೆ ಅರ್ಧಕ್ಕೆ ಇಳಿಯೋ ಜಾಗಕ್ಕೆ."

ಇಷ್ಟು ವರ್ಷದಲ್ಲಿ ಅವರನ್ನು ಯಾರೂ ಆ ಕುರ್ಚಿಯಲ್ಲಿ ಕೂರಿಸಿರಲಿಲ್ಲ. ಗಾಜಣ್ಣ ಕನ್ನಡಕ ಏರಿಸಿ, ಪರದೆಗೆ ಬಾಗಿ, ಗೆರೆಯ ಒಂದು ತುದಿಯನ್ನು ಊರಿ ಇನ್ನೊಂದನ್ನು ನಿಧಾನವಾಗಿ ಎಳೆದರು. ಆ ಮುಳ್ಳು ದಪ್ಪವಿರಬೇಕೋ ತೆಳುವಿರಬೇಕೋ ಅವರಿಗೆ ಎರಡೂ ಒಂದೇ. ಹನ್ನೆರಡರಡಿ ಅವಳು 0.53 ಎಂದು ಬರೆದಿದ್ದ ಆ ಮುಳ್ಳಿನ ಅಗಲ ಪರದೆಯ ಮೂಲೆಯಲ್ಲಿ ಮೂಡಿತು.

0.61 ಮೈಕ್ರೋಮೀಟರ್.