ಅಕ್ಕ ಕೊಡಿಸಿದ ಕೆಲಸ

"ಮುಂಚೆ ಎಲ್ಲಾದ್ರೂ ಹಾಡಿದ ಅನುಭವ ಇದೆಯಾ?" ಹೋಟೆಲಿನ ಮ್ಯಾನೇಜರು ಕೇಳಿದರು.

ತಮ್ಮ ಬಾಯಿ ತೆರೆಯುವ ಮೊದಲೇ ಅಕ್ಕ ಉತ್ತರ ಕೊಟ್ಟಳು. "ಇದೆ ಸಾರ್. ಹಡಗಿನಲ್ಲಿ ಹಾಡ್ತಿದ್ದ. ಆಮೇಲೆ ಹೊರದೇಶದಲ್ಲೂ ಹಂಗೇ... ಅಲ್ಲಿ ಇಲ್ಲಿ ಹಾಡ್ಕೊಂಡಿದ್ದ."

ಅವಳು ಅದೇ ಹೋಟೆಲಿನ ಬಟ್ಟೆ ಒಗೆಯುವ ವಿಭಾಗದ ಮೇಲ್ವಿಚಾರಕಿ. ಅಮ್ಮ ಹೋದ ಮೇಲೆ ತಮ್ಮನನ್ನು ಮಗನಂತೆ ಸಾಕಿದವಳು. ಹಡಗು ಹತ್ತಿದ ತಮ್ಮ ಯಾವುದೋ ದೂರದ ಬಂದರಿನಲ್ಲಿ ಇಳಿದು, ಮೀನಿನ ಕಾರ್ಖಾನೆಯಲ್ಲಿ ದುಡಿಯುತ್ತ, ರೇಡಿಯೋ ಕೇಳಿ ಕೇಳಿಯೇ ಅಲ್ಲಿಯ ಭಾಷೆ ಕಲಿತ. ಆ ಭಾಷೆಯಲ್ಲೇ ಪ್ರೀತಿಯ, ಅಗಲಿಕೆಯ ಹಾಡು ಹಾಡಿ ಆ ದೇಶದ ಮನೆಮಾತಾದ. ಎಲ್ಲವನ್ನೂ ಅಕ್ಕನಿಗೆ ಫೋನಿನಲ್ಲಿ ಹೇಳಿದ್ದ, ಕ್ಯಾಸೆಟ್ಟುಗಳನ್ನೂ ಕಳಿಸಿದ್ದ. ಅಕ್ಕ ನಂಬಿರಲಿಲ್ಲ. ಕ್ಯಾಸೆಟ್ ಯಾರು ಬೇಕಾದರೂ ಮಾಡಿಸಬಹುದು. ಪಾಪ, ಮರ್ಯಾದೆ ಉಳಿಸಿಕೊಳ್ಳೋಕೆ ಬುರುಡೆ ಬಿಡ್ತಾನೆ ಅಂದುಕೊಂಡಿದ್ದಳು. ಮೊನ್ನೆ ಅವನು ಹೇಳದೆ ಕೇಳದೆ ಒಂದೇ ಚೀಲ ಹಿಡಿದು ಬಾಗಿಲಲ್ಲಿ ನಿಂತಾಗ ಅನುಮಾನ ಗಟ್ಟಿಯಾಯಿತು. ಏನೂ ಕೇಳದೆ ಊಟ ಬಡಿಸಿದಳು. ಮರುದಿನ ಮ್ಯಾನೇಜರ ಮುಂದೆ ನಿಂತು ಬೇಡಿಕೊಂಡಳು. ಊಟದ ಸಭಾಂಗಣದಲ್ಲಿ ಸಂಜೆ ಹಾಡುವವನ ಜಾಗ ಖಾಲಿ ಇತ್ತು.

"ಸರಿ, ಚೆನ್ನಾಗಿ ಬರೋದು ಒಂದು ಹಾಡಿ," ಎಂದರು ಮ್ಯಾನೇಜರು, ಕುರ್ಚಿಗೆ ಒರಗಿ.

ಅವನು ಖಾಲಿ ಮೇಜುಗಳ ನಡುವೆ ನಿಂತು ಹಾಡಿದ. ವಾದ್ಯವಿಲ್ಲ, ಮೈಕಿಲ್ಲ. ಮೇಜುಗಳಿಗೆ ಬಟ್ಟೆ ಹಾಸುತ್ತಿದ್ದ ಸರ್ವರುಗಳ ಕೈ ನಿಧಾನವಾಯಿತು. ಅಕ್ಕ ಮಾತ್ರ ಹಾಡು ಕೇಳಲಿಲ್ಲ. ಮ್ಯಾನೇಜರ ಮುಖವನ್ನೇ ನೋಡುತ್ತಿದ್ದಳು, ಪರೀಕ್ಷೆಗೆ ಕೂತ ಮಗುವಿನ ತಾಯಿಯ ಹಾಗೆ.

ಎರಡನೆಯ ಸಾಲಿಗೇ ಮ್ಯಾನೇಜರು ಕೈ ಎತ್ತಿದರು. "ಸಾಕು ಸಾಕು. ಇದ್ಯಾವ ಭಾಷೆನಪ್ಪಾ? ಕಂಠ ಪರವಾಗಿಲ್ಲ. ಆದ್ರೆ ಹಿಂಗೆ ಕರುಳು ಹಿಂಡಿದ್ರೆ ನಮ್ಮ ಗಿರಾಕಿಗಳ ಗಂಟಲಲ್ಲಿ ತುತ್ತು ಇಳಿಯುತ್ತಾ?"

"ಕುಣಿಯೋ ಹಾಡೂ ಹಾಡ್ತಾನೆ ಸಾರ್," ಅಕ್ಕ ಅವಸರದಲ್ಲಿ ಅಂದಳು. "ಹಾಡೋ, ಯಾವುದಾದ್ರೂ ಹಾಡು."

ಅಷ್ಟರಲ್ಲಿ ಅವನು ನಿಲ್ಲಿಸಿದ್ದ ಹಾಡಿನ ಮುಂದಿನ ಸಾಲು ಬಾಗಿಲ ಕಡೆಯಿಂದ ಕೇಳಿಸಿತು. ಎಲ್ಲರೂ ತಿರುಗಿದರು. ಆಗತಾನೆ ಬಸ್ಸಿನಿಂದ ಇಳಿದಿದ್ದ ಪ್ರವಾಸಿ ಹೆಂಗಸೊಬ್ಬಳು, ನೆರೆತ ಕೂದಲಿನವಳು, ಸೂಟ್‌ಕೇಸು ಕೈಬಿಟ್ಟು ನಿಂತಿದ್ದಳು. ಧ್ವನಿ ನಡುಗುತ್ತಿತ್ತು, ಆದರೂ ಹಾಡುತ್ತಿದ್ದಳು. ಅವಳ ಹಿಂದಿನಿಂದ ಇನ್ನೊಂದು ಧ್ವನಿ ಸೇರಿತು, ಆಮೇಲೆ ಮತ್ತೊಂದು. ನೋಡನೋಡುತ್ತ ಬಸ್ಸಿನಲ್ಲಿದ್ದವರೆಲ್ಲ ಒಳಗೆ ನುಗ್ಗಿ ಅವನನ್ನು ಮುತ್ತಿಕೊಂಡರು. ಒಬ್ಬಳು ಅವನ ಕೈ ಹಿಡಿದು ಕಣ್ಣಿಗೊತ್ತಿಕೊಂಡು ಅತ್ತೇಬಿಟ್ಟಳು.

ಅಕ್ಕ ಗಾಬರಿಯಿಂದ ಜನರನ್ನು ಸರಿಸಿಕೊಂಡು ತಮ್ಮನ ಮುಂದೆ ಅಡ್ಡ ನಿಂತಳು. "ಏನೋ ಮಾಡ್ದೆ ಇವರಿಗೆ? ಯಾಕೋ ಅಳ್ತಿದ್ದಾರೆ?"

ಉತ್ತರ ಕೊಟ್ಟವನು ಪ್ರವಾಸಿಗರ ಗೈಡು. "ಏನಮ್ಮಾ ಹಿಂಗೆ ಕೇಳ್ತೀರಿ? ಇವರ ದೇಶದಲ್ಲಿ ಈ ಹಾಡು ಇಲ್ದೆ ಒಂದು ಮದುವೇನೂ ನಡೆಯಲ್ವಂತೆ. ಈ ಅಳ್ತಿರೋ ಅಮ್ಮ ಟಿಕೆಟ್ ಸಿಗದೆ ಸ್ಟೇಡಿಯಂ ಗೋಡೆಗೆ ಕಿವಿ ಇಟ್ಟು ಈ ಸಾರ್ ಹಾಡಿದ್ದು ಕೇಳಿದ್ರಂತೆ, ಹಿಮ ಬೀಳ್ತಿದ್ರೂ ಕದಲಲಿಲ್ವಂತೆ. ಇಷ್ಟು ಹತ್ತಿರದಿಂದ ನೋಡ್ತೀನಿ ಅಂತ ಕನಸಲ್ಲೂ ಅಂದುಕೊಂಡಿರಲಿಲ್ಲ ಅಂತಿದ್ದಾರೆ."

ಮ್ಯಾನೇಜರು ಕುರ್ಚಿಯಿಂದ ಎದ್ದಿದ್ದರು. ಯಾವಾಗ ಎದ್ದರೋ ಅವರಿಗೇ ತಿಳಿದಿರಲಿಲ್ಲ.

ಅಕ್ಕ ತಮ್ಮನ ಕಡೆ ತಿರುಗಿದಳು. "ಹಂಗಾದ್ರೆ ನೀನು ಹೇಳಿದ್ದೆಲ್ಲ ನಿಜಾನೇನೋ?"

"ಎಷ್ಟು ಸಲ ಹೇಳಿದ್ದೆ, ಅಕ್ಕಾ."

"ನೀನು ಹೇಳ್ತೀಯ, ನಾನು ನಂಬಬೇಕಲ್ಲ!" ಅವಳಿಗೆ ಸಿಟ್ಟೂ ಬಂತು, ಅಳುವೂ ಬಂತು. "ಮತ್ಯಾಕೋ ಇಲ್ಲಿ ಬಂದು ಕೆಲಸ ಕೇಳೋಕೆ ನಿಂತೆ? ನಾಚಿಕೆ ಆಗಲಿಲ್ವಾ?"

"ನೀನು ನನಗೋಸ್ಕರ ಇನ್ನೊಬ್ಬರ ಹತ್ರ ಕೈಮುಗಿದು ಬಂದಿದ್ದೆ," ಎಂದ ತಮ್ಮ. "ಬೇಡ ಅನ್ನೋಕೆ ನಾಲಿಗೆ ಏಳಲಿಲ್ಲ. ನಿನ್ನ ನೋಡೋಕಂತ ಬಂದೋನು, ಕೆಲಸ ಕೊಟ್ಟಿದ್ರೆ ಇರೋಷ್ಟು ದಿನ ಹಾಡಿಯೇ ಹೋಗ್ತಿದ್ದೆ."

ತಮ್ಮನ ಕಾಲರು ಒಂದು ಕಡೆ ಮಡಚಿಕೊಂಡಿತ್ತು. ಅಷ್ಟು ಜನರೆದುರಿಗೇ ಅಕ್ಕ ಅದನ್ನು ಎಳೆದು ನೆಟ್ಟಗೆ ಮಾಡಿದಳು. ಪ್ರವಾಸಿಗರು ಕೇಳಿದರು, ಅವನು ಹಾಡಿದ. ಈ ಸಲ ಹಾಡು ಅರ್ಧಕ್ಕೆ ನಿಲ್ಲಲಿಲ್ಲ. ಒಂದು ಪದವೂ ಅರ್ಥವಾಗದೆ ಅಕ್ಕ ಕೊನೆಯವರೆಗೂ ಕೇಳಿದಳು. ಚಪ್ಪಾಳೆಗೆ ಅಡುಗೆಮನೆಯವರೂ ಹೊರಗೆ ಬಂದರು.

ಆಗ ನೆರೆತ ಕೂದಲಿನ ಹೆಂಗಸು ಅಕ್ಕನ ಹತ್ತಿರ ಬಂದು ಏನೋ ಕೇಳಿದಳು. ಗೈಡು ಹೇಳಿದ: "ನೀವು ಇವರಿಗೆ ಏನಾಗಬೇಕು ಅಂತ ಕೇಳ್ತಿದ್ದಾರೆ."

"ಅಕ್ಕ," ಎಂದಳು. ಸಮವಸ್ತ್ರದ ತೋಳಿನಿಂದ ಕಣ್ಣು ಒರೆಸಿಕೊಂಡು, ಬೆನ್ನು ನೆಟ್ಟಗೆ ಮಾಡಿ, ದನಿ ಏರಿಸಿದಳು. "ಇನ್ನೊಂದು ಮಾತು ಹೇಳಿಬಿಡಪ್ಪಾ ಅವರಿಗೆ. ಪ್ರಯಾಣ ಮಾಡಿ ಬಂದಿದ್ದಾನೆ, ಇವತ್ತು ಗಂಟಲು ಸ್ವಲ್ಪ ಕಟ್ಟಿದೆ. ಇಲ್ದಿದ್ರೆ ಇದಕ್ಕಿಂತ ಚೆನ್ನಾಗಿ ಹಾಡ್ತಾನೆ ನಮ್ಮ ಹುಡುಗ."