ನೇರ ಹೋದ ದೋಣಿ

ಕೈನಡುಕ ಶುರುವಾದ ಮೇಲೆ ಅವರು ಮನೆ ಬಿಟ್ಟು ಹೊರಗೆ ಹೋಗುವುದೇ ಅಪರೂಪವಾಗಿತ್ತು. ಮೊಮ್ಮಗ ಮೂಲೆಗೆಸೆದಿದ್ದ ವಿಡಿಯೋ ಗೇಮಿನ ಜಾಯ್‌ಸ್ಟಿಕ್ ಬಿಚ್ಚಿ, ಆಟದ ದೋಣಿ ನಡೆಸುವ ರಿಮೋಟ್ ಮಾಡಲು ಕೂತು ಏಳು ತಿಂಗಳಾಗಿತ್ತು. ಬೆಸುಗೆ ಹಾಕುವಾಗ ಸುಟ್ಟುಕೊಂಡ ಬೆರಳಿಗೆ ಮುಲಾಮು ಹಚ್ಚಿ ಹಚ್ಚಿ ಹೆಂಡತಿ ಸೋತಿದ್ದರು. ದೋಣಿ ಮಾತ್ರ ಒಂದು ಗೇಣೂ ಕದಲಿರಲಿಲ್ಲ.

"ಇವತ್ತೂ ಓಡದಿದ್ರೆ ಬಿಟ್ಬಿಡ್ತೀನಿ ಕಣೆ," ಎಂದರು ಕೆರೆಯ ದಂಡೆಯಲ್ಲಿ ನಿಂತು.

"ಓಡುತ್ತೆ, ನೀವು ತಳ್ಳಿ," ಎಂದರು ಹಿಂದಿನ ಕಲ್ಲುಬೆಂಚಿನಲ್ಲಿ ಬಟ್ಟೆಚೀಲದೊಳಗೆ ಕೈಯಿಟ್ಟು ಕೂತಿದ್ದ ಹೆಂಡತಿ.

ಅವರು ಜಾಯ್‌ಸ್ಟಿಕ್ಕನ್ನು ಮುಂದಕ್ಕೆ ತಳ್ಳಿದರು. ದೋಣಿ ಹೊರಟಿತು. ಗೆರೆ ಎಳೆದ ಹಾಗೆ ಆಚೆಯ ಮೆಟ್ಟಿಲವರೆಗೆ ಹೋಗಿ, ತಿರುಗಿ ಬಂತು. ವಾಕಿಂಗ್ ಬಂದವರೆಲ್ಲ ನಿಂತು ನೋಡಿದರು. ನಾಳೆ ಮಕ್ಕಳನ್ನೂ ಕರೆತರುತ್ತೇನೆ ಎಂದರು ಒಬ್ಬರು.

ದೋಣಿ ಎತ್ತಿಕೊಂಡು ಇಬ್ಬರೂ ಮನೆಗೆ ನಡೆದರು. ಮನೆಯ ಗೇಟಿನ ಚಿಲಕ ತೆಗೆಯಲು ಅವರು ಮೂರು ಸಲ ತಡಕಾಡಬೇಕಾಯಿತು.

"ಖುಷಿ ಆಯ್ತೇನ್ರೀ?" ಎಂದರು ಹೆಂಡತಿ.

"ಆಯ್ತು. ನಾಳೆ ಆ ಚೀಲದೊಳಗಿರೋ ರಿಮೋಟನ್ನ ನೀನು ಸ್ವಲ್ಪ ನಡುಗಿಸಿ ಹಿಡ್ಕೊ. ಇಲ್ಲದಿದ್ರೆ ನನ್ನ ಕೈ ನೋಡಿದೋರು ನಂಬಲ್ಲ."